ನಾಲಿಗೆ ನೋಡುವ ಅಜ್ಜಿ

ಓಣಿಯ ಮಕ್ಕಳು ಎದುರು ಸಿಕ್ಕರೆ ಅಜ್ಜಿಯ ಮೊದಲ ಮಾತೇ "ಎಲ್ಲಿ, ನಾಲಿಗೆ ತೋರ್ಸು!" ನಾಲಿಗೆ ಹಸಿರೋ ನೀಲಿಯೋ ಆಗಿದ್ದರೆ ಮುಗಿಯಿತು, ಮಿಠಾಯಿಯ ಕಾಗದ ಇಸಿದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಅದರಲ್ಲಿ ಬರೆದ ಬಣ್ಣಗಳ ಹೆಸರನ್ನು ಅಕ್ಷರಕ್ಕೊಂದು ಉಸಿರೆಳೆದು ಓದುತ್ತಾಳೆ. "ಇದನ್ನ ಗೋಡೆಗೆ ಬಳೀರೋ, ಹೊಟ್ಟೆಗಲ್ಲ!" ಎಂದು ಗದರಿಸಿ, ಬೀಟ್‌ರೂಟ್ ರಸದಲ್ಲಿ ಸಕ್ಕರೆ ಕಾಸಿ ತಾನೇ ಮಾಡಿದ ಮಿಠಾಯಿ ಕೊಡುತ್ತಾಳೆ, ಅದು ಹಲ್ಲಿಗಂಟಿದರೆ ಸಂಜೆಯವರೆಗೂ ಬಾಯಿ ಬಿಡಿಸಲಾಗದು. "ಅಂಗಡೀದೇ ಚೆನ್ನಾಗಿರುತ್ತೆ ಅಜ್ಜೀ" ಎಂದು ಮೊಮ್ಮಗಳು ಮೂತಿ ತಿರುಗಿಸಿದರೆ ಮಾತ್ರ ಬೈಯದೆ ಇನ್ನೊಂದು ಪಾಕಕ್ಕೆ ಇಡುತ್ತಾಳೆ. ಮೂವತ್ತು ವರ್ಷ ಮಿಠಾಯಿ ಕಾರ್ಖಾನೆಯಲ್ಲಿ ಬಣ್ಣ ಕಲಸಿದ್ದು ಇವಳದೇ ಕೈ. ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಆಗ ಓದಲು ಬರುತ್ತಿರಲಿಲ್ಲ. ಅಂಗಡಿ ಮಿಠಾಯಿ ತಿಂದು ಮೊಮ್ಮಗಳ ಮೈತುಂಬ ದದ್ದೆದ್ದ ವರ್ಷ, ಆ ಮಗುವಿನ ಸ್ಲೇಟನ್ನೇ ಹಿಡಿದು ಅಕ್ಷರ ಕಲಿತಳು.