ಬದನೆಕಾಯಿಗೆ ನಾಲ್ಕು ಸಾಲು

ನಮ್ಮ ಅಂಗಡಿಯ ಬೋರ್ಡಿನ ಕೆಳಗೇ ನಿಂತು ಆ ಹೆಂಗಸು ಫೋನು ನೋಡುತ್ತಿದ್ದಳು. ಪಕ್ಕದಲ್ಲಿ ಯೂನಿಫಾರಂ ತೊಟ್ಟ ಮಗುವೊಂದು ಐಸ್‌ಕ್ಯಾಂಡಿ ಚೀಪುತ್ತಿತ್ತು. ನಾನು ಗೇಟಿನ ಬಳಿ ತುಳಸಿಗೆ ನೀರು ಹಾಕುತ್ತಿದ್ದೆ. ‘ಆಂಟಿ, ಇಲ್ಲೆಲ್ಲಾದ್ರೂ ಮಕ್ಕಳ ಫ್ಯಾನ್ಸಿ ಡ್ರೆಸ್ ಬಾಡಿಗೆಗೆ ಸಿಗುತ್ತಾ?’ ಎಂದು ಕೇಳಿದಳು. ನಾನು ಚೊಂಬು ಹಿಡಿದ ಕೈಯಲ್ಲೇ ಮೇಲೆ ತೋರಿಸಿದೆ. ಅವಳು ತಲೆಯೆತ್ತಿ ಬೋರ್ಡು ಓದಿದಳು. ಮತ್ತೆ ಫೋನು ನೋಡಿದಳು.

‘ಇದ್ರಲ್ಲಿ ತೋರಿಸ್ತಾನೇ ಇಲ್ವಲ್ಲ ಆಂಟಿ’ ಎಂದು ನನ್ನನ್ನೇ ಅನುಮಾನದಿಂದ ನೋಡಿ, ಆಟೊ ಹತ್ತಿ ವಿಜಯನಗರಕ್ಕೆ ಹೊರಟುಹೋದಳು.

ಇದನ್ನೆಲ್ಲ ನಮ್ಮ ಯಜಮಾನರು ಬಾಲ್ಕನಿಯಲ್ಲಿ ನಿಂತು ನೋಡಿದ್ದರು. ಅಂದು ಅವರಿಗೆ ಊಟ ಸೇರಲಿಲ್ಲ.

ರಾಜಾಜಿನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಪಕ್ಕದ ಮನೆಯ ಮಗುವಿಗೆ ಒಮ್ಮೆ ಕ್ಯಾರೆಟ್ ವೇಷ ಹೊಲಿದುಕೊಟ್ಟಿದ್ದೆ. ಅದನ್ನು ನೋಡಿದವರು ಟೊಮೆಟೊ ಕೇಳಿದರು, ಆಮೇಲೆ ನವಿಲು ಕೇಳಿದರು, ಹಾಗೆ ಬೆಳೆಯುತ್ತ ಇಪ್ಪತ್ತು ವರ್ಷವಾಗಿದೆ. ಗೋಡೆ ತುಂಬ ಹ್ಯಾಂಗರುಗಳಲ್ಲಿ ಪೊಲೀಸು, ರೈತ, ಮರ, ಮಳೆಮೋಡ, ಹಲ್ಲುಜ್ಜುವ ಬ್ರಶ್ಶು ಎಲ್ಲವೂ ತೂಗುತ್ತಿರುತ್ತವೆ. ಗೋಕುಲಾಷ್ಟಮಿಯ ವಾರದಲ್ಲಿ ಮನೆಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲಿನ ಶಾಲೆಗಳ ತಾಯಂದಿರು ಒಬ್ಬರಿಂದೊಬ್ಬರು ಕೇಳಿಕೊಂಡು ಬರುತ್ತಿದ್ದರು. ಈಗಿನ ತಾಯಂದಿರು ಮೊದಲು ಫೋನನ್ನು ಕೇಳುತ್ತಾರೆ ಎನ್ನುವುದು ನಮಗೆ ತಿಳಿದದ್ದು ಆ ದಿನವೇ.

ನಮ್ಮ ಅಕ್ಕನ ಮಗಳು ಕೆಂಗೇರಿ ಉಪನಗರದಲ್ಲಿದ್ದಾಳೆ. ಅವಳ ಕೆಲಸವೇ ವೆಬ್‌ಸೈಟ್ ಮಾಡುವುದು. ಯಜಮಾನರು ಅವಳಿಗೆ ಫೋನು ಮಾಡಿ, ಮರ್ಯಾದೆಯ ಪ್ರಶ್ನೆ ಎಂದರು. ಅವಳು ಎರಡು ಭಾನುವಾರ ಬಂದು ವೇಷಗಳ ಫೋಟೋ ತೆಗೆದು, ವಿಳಾಸ ಹಾಕಿ, ಒಂದು ಚೆಂದದ ವೆಬ್‌ಸೈಟ್ ಮಾಡಿಕೊಟ್ಟಳು. ಅಂದಿನಿಂದ ಯಜಮಾನರು ಕಾಫಿಗೆ ಮೊದಲು ಒಮ್ಮೆ, ಕಾಫಿಯ ಜೊತೆ ಒಮ್ಮೆ, ಸ್ನಾನವಾದ ಮೇಲೆ ಒಮ್ಮೆ ಅದನ್ನು ತೆರೆದು ನೋಡತೊಡಗಿದರು. ಹತ್ತು ದಿನ ಕಳೆಯುವಷ್ಟರಲ್ಲಿ, ಅವರು ‘ಫ್ಯಾನ್ಸಿ ಡ್ರೆಸ್’ ಎಂದು ಹುಡುಕಿದರೆ ನಮ್ಮ ಅಂಗಡಿಯೇ ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಬೀದಿಯಲ್ಲಿ ನಾಲ್ಕು ಮನೆಗೆ ಮೈಸೂರುಪಾಕು ಹಂಚಿದರು.

ಮೂರನೆಯ ದಿನ ಸೆಲೂನಿಗೆ ಹೋದವರು ಒಂದು ಕಡೆಯ ಮೀಸೆ ಮೇಲೆ, ಇನ್ನೊಂದು ಕಡೆಯದು ಕೆಳಗೆ ಮಾಡಿಸಿಕೊಂಡು ಬಂದರು. ಕತ್ತರಿ ಆಡುತ್ತಿದ್ದಾಗಲೇ ಸೆಲೂನಿನವನ ಫೋನು ಇಸಕೊಂಡು ನಮ್ಮ ಅಂಗಡಿ ಹುಡುಕಿದರಂತೆ. ಮೊದಲ ಪುಟದಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ನಾಲ್ಕನೆಯ ಪುಟಕ್ಕೆ ಬರುವಾಗ ಅವರು ತಲೆ ಅಲ್ಲಾಡಿಸಿದ್ದರಿಂದ ಮೀಸೆ ಹಾಗಾಯಿತು.

ಅಕ್ಕನ ಮಗಳು ಫೋನಿನಲ್ಲಿ ಸಮಾಧಾನವಾಗಿ ವಿವರಿಸಿದಳು. ದಿನಕ್ಕೆ ಹತ್ತು ಸಲ ನೀವು ಅದನ್ನೇ ತೆರೆದರೆ, ಈ ಮನುಷ್ಯನಿಗೆ ಇದು ಇಷ್ಟ ಎಂದು ನಿಮ್ಮ ಫೋನು ತಿಳಿದುಕೊಂಡು ಮೊದಲು ಅದನ್ನೇ ಕೊಡುತ್ತದೆ. ಬೇರೆಯವರ ಫೋನಿಗೆ ಆ ದಾಕ್ಷಿಣ್ಯವಿಲ್ಲ. ಯಜಮಾನರಿಗೆ ಇದರಿಂದ ಅರ್ಥವಾದದ್ದೇ ಬೇರೆ. ಬಂಧುಗಳಿಗೆಲ್ಲ ಫೋನು ಮಾಡಿ, ದಿನವೂ ಒಮ್ಮೆ ನಮ್ಮ ಅಂಗಡಿಯನ್ನು ಹುಡುಕಿ ತೆರೆಯಬೇಕೆಂದು ಆಜ್ಞೆ ಮಾಡಿದರು. ನನ್ನ ನಾದಿನಿ ಪೂಜೆ ಮುಗಿಸಿ ತಪ್ಪದೆ ತೆರೆದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಬಂಧುಗಳ ಫೋನುಗಳಲ್ಲೆಲ್ಲ ನಾವು ಮೊದಲಿಗೆ ಬಂದೆವು. ಅವರ ಮಕ್ಕಳೆಲ್ಲ ಬೆಳೆದು ಮದುವೆಯಾಗಿದ್ದರು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಅತ್ತಿಗುಪ್ಪೆಯಿಂದ ಒಬ್ಬ ತಂದೆ ಬಂದ. ವಿಜಯಪುರದ ಕಡೆಯವನು. ಮನೆಮನೆಗೆ ಊಟ ತಲುಪಿಸುವ ಕೆಲಸ. ಬೆನ್ನಮೇಲಿನ ದೊಡ್ಡ ಚೀಲ ಇಳಿಸದೆಯೇ ಬಾಗಿಲಲ್ಲಿ ನಿಂತ. ಒಂದನೇ ಕ್ಲಾಸಿನ ಮಗಳಿಗೆ ಟೀಚರು ಬದನೆಕಾಯಿ ಎಂದು ಬರೆದು ಕಳಿಸಿದ್ದರಂತೆ. ನಮ್ಮಲ್ಲಿ ಬದನೆಕಾಯಿ ಇತ್ತು, ತೊಟ್ಟಿನ ಟೋಪಿಯ ಸಮೇತ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹೋಗಲಿಲ್ಲ.

‘ಡ್ರೆಸ್ ಏನೋ ಸಿಕ್ತ್ರೀ ಅಕ್ಕಾರ. ಆದ್ರ ಇದನ್ನ ಹಾಕ್ಕೊಂಡು ನಮ್ಮ ಹುಡುಗಿ ಸ್ಟೇಜಿನ ಮ್ಯಾಲ ಏನ್ ಮಾತಾಡ್ಬೇಕ್ರಿ? ಮುಂಜಾನಿಂದ ಫೋನ್‌ನ್ಯಾಗ ಹುಡುಕಾಕತ್ತೀನಿ, ಬರೀ ಪಲ್ಯಾ ಮಾಡೋದು ಹೆಂಗಂತ ಬರಾಕತ್ತೈತಿ.’

ನಾನು ಹಿಂದೆ ಯಾರಿಗೂ ಬರೆದುಕೊಟ್ಟವಳಲ್ಲ. ಅವನ ಮುಖ ನೋಡಿ ಪಾಪ ಎನಿಸಿತು. ರಸೀದಿ ಪುಸ್ತಕದ ಹಿಂಬದಿಯಲ್ಲಿ ಗೀಚಿದೆ:

ನಾನು ಬದನೆಕಾಯಿ.
ತಲೆ ಮೇಲೆ ಕಿರೀಟ ಇದೆ, ಆದರೆ ರಾಜ್ಯ ಇಲ್ಲ.
ವಾಂಗಿಬಾತಿಗೂ ನಾನೇ, ಎಣ್ಣೆಗಾಯಿಗೂ ನಾನೇ.
ದಯವಿಟ್ಟು ನನ್ನನ್ನು ತಟ್ಟೆಯ ಅಂಚಿಗೆ ತಳ್ಳಬೇಡಿ.

ಅವನು ಎರಡು ಸಲ ಓದಿ, ಕಾಗದವನ್ನು ಊಟದ ಚೀಲಕ್ಕೆ ಹಾಕದೆ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ. ವಾರ ಕಳೆದು ವೇಷ ಹಿಂತಿರುಗಿಸಲು ಮಗಳನ್ನೂ ಕರೆತಂದ. ಅವಳಿಗೆ ಸಮಾಧಾನಕರ ಬಹುಮಾನ ಬಂದಿತ್ತು. ಸೋಪಿನ ಡಬ್ಬಿ ತೋರಿಸಿದಳು.

ಈ ಕಥೆಯನ್ನು ಅಕ್ಕನ ಮಗಳಿಗೆ ತಮಾಷೆಗೆಂದು ಹೇಳಿದೆ. ಅವಳು ನಗಲಿಲ್ಲ. ‘ಹಾಗಾದ್ರೆ ಜನ ಹುಡುಕ್ತಾ ಇರೋದು ಡ್ರೆಸ್ ಮಾತ್ರ ಅಲ್ಲ ಚಿಕ್ಕಮ್ಮ, ಮಾತು. ಅದು ಎಲ್ಲೂ ಸಿಕ್ತಾ ಇಲ್ಲ. ನೀವು ಬರೀರಿ, ನಾನು ಹಾಕ್ತೀನಿ’ ಎಂದಳು.

ನಾನು ಬರೆದೆ. ಒಂದೊಂದು ವೇಷಕ್ಕೂ ನಾಲ್ಕು ಸಾಲು, ಕೆಳಗೆ ಅನುಭವದ ಒಂದೆರಡು ಮಾತು. ಬದನೆಕಾಯಿ ತೊಟ್ಟ ಮಗು ಕುಳಿತುಕೊಳ್ಳಲಾರದು, ಆದ್ದರಿಂದ ತೊಡಿಸುವ ಮೊದಲು ಬಾತ್‌ರೂಮಿಗೆ ಕರೆದೊಯ್ಯಿರಿ. ಮಳೆಮೋಡದ ಹತ್ತಿ ಮೂಗಿಗೆ ಹೋಗಿ ಸೀನು ಬರುತ್ತದೆ. ಮರದ ವೇಷದವರನ್ನು ಫ್ಯಾನಿನ ಕೆಳಗೆ ನಿಲ್ಲಿಸಬೇಡಿ. ನಾಲ್ಕೈದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಫೋನು ಬರತೊಡಗಿತು. ದಾವಣಗೆರೆಯ ತಾಯಿಯೊಬ್ಬಳು ಹಾಗಲಕಾಯಿಗೆ ಸಾಲು ಕೇಳಿದಳು. ಯಾರೋ ಒಬ್ಬ ಅಪ್ಪ ಕರೆಂಟಿನ ಟ್ರಾನ್ಸ್‌ಫಾರ್ಮರಿಗೆ ಕೇಳಿದ. ಸೆಲೂನಿನವನ ಫೋನಿನಲ್ಲಿ ನಾವು ಮೊದಲ ಪುಟಕ್ಕೆ ಬಂದೆವು, ಮೇಲಿನಿಂದ ಮೂರನೆಯವರು. ಯಜಮಾನರು ಆ ಪುಟದ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ಕ್ಯಾಲೆಂಡರಿನ ಪಕ್ಕ ನೇತುಹಾಕಿದರು. ಅಷ್ಟಕ್ಕೆ ನಿಲ್ಲಬಹುದಿತ್ತು. ಆದರೆ ದಿನವೂ ಅದನ್ನು ನೋಡುತ್ತ ನೋಡುತ್ತ ಅವರ ಕಣ್ಣು ನಮ್ಮ ಮೇಲಿನ ಇಬ್ಬರ ಮೇಲೆ ಬಿತ್ತು.

ಆಗಲೇ ಒಬ್ಬ ಪರಿಣತನ ಫೋನು ಬಂತು. ವೆಬ್‌ಸೈಟುಗಳನ್ನು ಹುಡುಕಾಟದಲ್ಲಿ ಮೇಲಕ್ಕೆ ತರುವುದೇ ತನ್ನ ಉದ್ಯೋಗ ಎಂದನಂತೆ. ಯಜಮಾನರು ನನಗೆ ಹೇಳದೆ ರಾಜರಾಜೇಶ್ವರಿನಗರದ ಅವನ ಆಫೀಸಿಗೆ ಹೋಗಿಬಂದರು. ಗೋಡೆಯ ಮೇಲೆ ಮೇಲಕ್ಕೆ ಹೋಗುವ ಒಂದು ದೊಡ್ಡ ಹಸಿರು ಬಾಣ ಇದೆ, ಬಹಳ ಓದಿಕೊಂಡ ಹುಡುಗ ಎಂದರು. ನಮ್ಮ ಸೈಟಿನಲ್ಲಿ ಮಾತಿದೆ, ಆದರೆ ತಂತ್ರ ಇಲ್ಲ ಎಂದು ಅವನು ಹೇಳಿದ್ದ. ಆ ಮಾತು ಇವರಿಗೆ ಬಹಳ ಹಿಡಿಸಿತ್ತು. ಅಕ್ಕನ ಮಗಳಿಗೆ ಈಗಲೇ ಹೇಳುವುದು ಬೇಡ, ಮೊದಲ ಸ್ಥಾನ ಬಂದ ಮೇಲೆ ಆಶ್ಚರ್ಯಪಡಿಸೋಣ ಎಂದರು. ನಾನೂ ಸುಮ್ಮನಾದೆ. ಮೊದಲ ಸ್ಥಾನದ ಆಸೆ ನನಗೂ ಇರಲಿಲ್ಲ ಎಂದರೆ ಸುಳ್ಳಾದೀತು.

ಪರಿಣತನು ಬೆಂಗಳೂರಿನ ಒಂದೊಂದು ಬಡಾವಣೆಗೂ ಒಂದೊಂದು ಪುಟ ಮಾಡಿದ. ಎಲ್ಲ ಪುಟಗಳಲ್ಲೂ ಒಂದೇ ಬರಹ, ಊರಿನ ಹೆಸರು ಮಾತ್ರ ಬೇರೆ. ‘ಕೆಂಗೇರಿಯಲ್ಲಿ ಅತ್ಯುತ್ತಮ ಬದನೆಕಾಯಿ ವೇಷ ಬೇಕೇ? ಕೆಂಗೇರಿಯ ಅತ್ಯುತ್ತಮ ಬದನೆಕಾಯಿ ವೇಷ ಕೆಂಗೇರಿಯವರಿಗಾಗಿ ಕೆಂಗೇರಿಯಲ್ಲೇ.’ ನನ್ನ ನಾಲ್ಕು ಸಾಲು ಬಹಳ ಚಿಕ್ಕದಾಯಿತೆಂದು ಅದರ ಮೇಲೆ ಯಂತ್ರದಿಂದ ಬರೆಸಿದ ಉದ್ದನೆಯ ಪ್ರಬಂಧವೊಂದನ್ನು ಕೂರಿಸಿದ. ಬದನೆಕಾಯಿಯು ಒಂದು ಜನಪ್ರಿಯ ತರಕಾರಿಯಾಗಿದ್ದು, ಬದನೆಕಾಯಿಯ ಇತಿಹಾಸವು ಬಹಳ ಹಳೆಯದಾಗಿದೆ ಎಂದು ಶುರುವಾಗಿ, ಅದು ರಕ್ತದೊತ್ತಡದವರೆಗೆ ಹೋಗುತ್ತಿತ್ತು. ನನ್ನ ಸಾಲುಗಳನ್ನು ತಲುಪಲು ಹೆಬ್ಬೆರಳು ನೋಯುವಷ್ಟು ಕೆಳಗೆ ಎಳೆಯಬೇಕಿತ್ತು. ಇನ್ನೊಂದು ಕಡೆ, ಬೋರ್‌ವೆಲ್ ಕೊರೆಯುವವರ ವೆಬ್‌ಸೈಟು, ಹಲ್ಲಿನ ಆಸ್ಪತ್ರೆಯ ವೆಬ್‌ಸೈಟು ಇವುಗಳಲ್ಲೆಲ್ಲ ಇದ್ದಕ್ಕಿದ್ದಂತೆ ನಮ್ಮ ಅಂಗಡಿಯ ಹೊಗಳಿಕೆ ಕಾಣಿಸಿಕೊಂಡಿತು.

‘ನೋಡೇ, ಹಲ್ಲಿನ ಡಾಕ್ಟರ್ರೂ ನಮ್ಮ ಬಗ್ಗೆ ಬರೆದಿದಾರೆ’ ಎಂದು ಯಜಮಾನರು ತೋರಿಸಿದರು. ನಮಗೂ ಆ ಡಾಕ್ಟರಿಗೂ ಏನು ಸಂಬಂಧ ಎಂದು ಕೇಳಿದೆ. ಹೆಸರು ಹರಡಿದರೆ ಹೀಗೇ ಎಂದರು.

ಮೊದಲ ಕೆಲವು ವಾರ ನಿಜಕ್ಕೂ ಮೇಲೇರಿದೆವು. ಒಂದು ದಿನವಂತೂ ಮೊದಲ ಸ್ಥಾನದಲ್ಲೇ ಇದ್ದೆವು. ಅದೇ ದಿನ ಕೆಂಗೇರಿಯಿಂದ ಒಬ್ಬರು ಫೋನು ಮಾಡಿದರು. ಬಿಸಿಲಲ್ಲಿ ಮಗುವನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಸುತ್ತ ಮೂರು ಸುತ್ತು ಹಾಕಿದ್ದರಂತೆ, ನಮ್ಮ ಕೆಂಗೇರಿ ಅಂಗಡಿ ಎಲ್ಲಿ ಎಂದು ಕೇಳಿದರು. ಯಜಮಾನರು ಬಹಳ ವಿನಯದಿಂದ ರಾಜಾಜಿನಗರದ ದಾರಿ ಹೇಳಿದರು. ಆ ಕಡೆಯಿಂದ ಬಂದ ಉತ್ತರವನ್ನು ನನಗೆ ಹೇಳಲಿಲ್ಲ.

ಆಗಸ್ಟ್ ಹದಿನೈದಕ್ಕೆ ಹತ್ತು ದಿನ ಇದ್ದಾಗ ನಾವು ಮಾಯವಾದೆವು. ಮೊದಲ ಪುಟದಲ್ಲಿಲ್ಲ, ಐದನೆಯದರಲ್ಲಿಲ್ಲ. ವರ್ಷವಿಡೀ ಕಾಯುವ ವಾರದಲ್ಲಿ ಫೋನು ಮೂಕವಾಗಿ ಬಿದ್ದಿತ್ತು. ಯಜಮಾನರು ವೈಫೈ ಪೆಟ್ಟಿಗೆಯನ್ನು ಆರಿಸಿ ಹಾಕಿದರು. ಕರೆಂಟಿನವರನ್ನು ಬೈದರು. ನಾದಿನಿ ಬಂದು ಅಂಗಡಿಗೆ ದೃಷ್ಟಿ ತೆಗೆದಳು. ಪರಿಣತನು ಒಮ್ಮೆ ಫೋನೆತ್ತಿ, ‘ಅಪ್‌ಡೇಟ್ ಬಂದಿದೆ ಸಾರ್, ಎಲ್ಲರಿಗೂ ಹಿಂಗೇ’ ಎಂದ. ಆಮೇಲೆ ಎತ್ತಲಿಲ್ಲ.

ಕೊನೆಗೆ ಅಕ್ಕನ ಮಗಳಿಗೆ ಹೇಳಲೇಬೇಕಾಯಿತು. ಆ ಭಾನುವಾರ ಅವಳು ಕೆಂಗೇರಿಯಿಂದ ಬಂದು ಊಟದ ಮೇಜಿನ ಮುಂದೆ ಕುಳಿತು ಪುಟಗಳನ್ನು ಒಂದೊಂದಾಗಿ ತೆರೆದಳು. ಕೆಂಗೇರಿಯ ಬದನೆಕಾಯಿಯನ್ನು ಗಟ್ಟಿಯಾಗಿ ಓದಿ, ಮುಂದೆ ಓದಲಾಗದೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಯಜಮಾನರು ಮಾತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಂತೆ ಕೈಕಟ್ಟಿ ನಿಂತಿದ್ದರು. ನಮ್ಮನ್ನು ತಳ್ಳಿ ಬೇರೆಯವರನ್ನು ಮೇಲಿಡಲು ಯಾರಾದರೂ ದುಡ್ಡು ಕೊಟ್ಟಿದ್ದಾರೆಯೇ ಎಂದು ಕೇಳಿದರು.

‘ಹುಡುಕಿಕೊಡೋ ಯಂತ್ರಕ್ಕೆ ನಿಮ್ಮ ಮೇಲೆ ದ್ವೇಷ ಏನಿಲ್ಲ ಚಿಕ್ಕಪ್ಪ’ ಎಂದಳು. ‘ಕೇಳಿದೋರಿಗೆ ಕೇಳಿದ್ದು ಸಿಗಬೇಕು, ಅಷ್ಟೇ ಅದರ ಕೆಲಸ. ಒಬ್ಬ ತಾಯಿ ಬಂದು, ಬದನೆಕಾಯಿ ಇತಿಹಾಸ ನೋಡಿ, ಬಂದ ದಾರಿಗೆ ವಾಪಸ್ ಹೋದ್ರೆ, ಇಲ್ಲೇನೂ ಸಿಗಲಿಲ್ಲ ಅಂತ ಅಲ್ವಾ?’

ಒಂದೇ ಬರಹವನ್ನು ಊರೂರಿಗೆ ಅಂಟಿಸುವುದು, ಸಂಬಂಧವಿಲ್ಲದವರಿಂದ ಹೊಗಳಿಸಿಕೊಳ್ಳುವುದು, ಇವೆಲ್ಲ ಮೊದಲಿಗೆ ನಡೆದರೂ ನಡೆಯುತ್ತದೆ; ಆಗಾಗ ಆ ಹುಡುಕಾಟದ ಕಂಪನಿಯವರು ತಮ್ಮ ಅಳತೆಗೋಲು ತಿದ್ದಿ ಜಾಲಾಡಿದಾಗ ಇಂಥವು ಮೊದಲು ಬೀಳುತ್ತವೆ ಎಂದು ವಿವರಿಸಿದಳು. ಸರಿಯಾಗಿ ಯಾಕೆ ಬಿದ್ದೆವೆಂದು ಹೊರಗಿನವರು ಯಾರೂ ಖಚಿತವಾಗಿ ಹೇಳಲಾರರು, ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ ಎಂದೂ ಸೇರಿಸಿದಳು. ಬೇಡದ ಪುಟಗಳನ್ನು ಯಜಮಾನರ ಕೈಯಿಂದಲೇ ಅಳಿಸಿಹಾಕಿಸಿದಳು. ಬಸವೇಶ್ವರನಗರದ ಪುಟಕ್ಕೆ ಬಂದಾಗ ಅವರು ಸ್ವಲ್ಪ ಹೊತ್ತು ಕೈ ತಡೆದರು. ಅದೊಂದು ಹತ್ತಿರ ಇದೆಯಲ್ಲ ಎಂದರು. ಅದೂ ಹೋಯಿತು. ಎಲ್ಲ ಮುಗಿದ ಮೇಲೆ ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತರು.

‘ನಿನ್ನ ಬದನೆಕಾಯೀನ ನಾನೇ ಹಾಳು ಮಾಡ್ಬಿಟ್ಟೆ ಕಣೇ.’

ಮದುವೆಯಾದಾಗಿನಿಂದ ಅವರು ನನ್ನಲ್ಲಿ ತಪ್ಪೊಪ್ಪಿಕೊಂಡದ್ದು ಇದೊಂದೇ ಸಲ. ಅದೂ ಬದನೆಕಾಯಿಯ ವಿಷಯಕ್ಕೆ. ನಾನು ಕಾಫಿ ಕೊಟ್ಟೆ.

ನಮ್ಮ ಪುಟಗಳು ಮತ್ತೆ ಕಾಣಿಸಿಕೊಳ್ಳಲು ಬಹಳ ತಿಂಗಳು ಹಿಡಿಯಿತು. ಆ ಬಿಡುವಿನಲ್ಲಿ ಯಜಮಾನರೂ ಬರೆಯಲು ಕುಳಿತರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕೋತಿ ವೇಷದ ಬಾಲ ಕೆಳಗೆ ಜೋತುಬೀಳದೆ ನೆಟ್ಟಗೆ ನಿಲ್ಲಲು ಯಾವ ದಪ್ಪದ ತಂತಿ ಬೇಕು, ಅದನ್ನು ಸೊಂಟಕ್ಕೆ ಹೇಗೆ ಬಿಗಿಯಬೇಕು, ಮಗುವಿಗೆ ಚುಚ್ಚದಂತೆ ತುದಿಗೆ ಏನು ಸುತ್ತಬೇಕು ಎಂದು ಚಿತ್ರ ಬರೆದು ವಿವರಿಸಿದರು. ಅದನ್ನು ಯಾರು ಓದುತ್ತಾರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಈಗ ನಮ್ಮ ವೆಬ್‌ಸೈಟಿನಲ್ಲಿ ಜನ ಹೆಚ್ಚು ನೋಡುವುದು ಅದನ್ನೇ ಎಂದು ಅಕ್ಕನ ಮಗಳು ಹೇಳುತ್ತಾಳೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೊನ್ನೆ ಹಾವೇರಿಯಿಂದ ಯಾರೋ ಫೋನು ಮಾಡಿದ್ದರು. ಯಜಮಾನರು ಅರ್ಧ ಗಂಟೆ ನಿಂತುಕೊಂಡೇ ಬಾಲದ ವಿಷಯ ಮಾತಾಡಿದರು. ತಂತಿಯನ್ನು ಎರಡು ಸುತ್ತು ಹಾಕಿ, ಒಂದು ಸಾಲದು ಎಂದು ಮತ್ತೆಮತ್ತೆ ಹೇಳುತ್ತಿದ್ದರು. ಫೋನಿಟ್ಟ ಮೇಲೆ, ಅವರಿಗೆ ಯಾವ ಅಳತೆಯ ವೇಷ ಬೇಕಂತೆ ಎಂದು ಕೇಳಿದೆ. ಅವರು ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದಾರಂತೆ, ಬಾಲವೊಂದೇ ನಿಲ್ಲುತ್ತಿರಲಿಲ್ಲವಂತೆ ಎಂದರು. ಯಜಮಾನರ ಮುಖದಲ್ಲಿ ತೃಪ್ತಿಯಿತ್ತು. ಹೊರಗೆ ಇಬ್ಬರು ತಾಯಂದಿರು ಬಂದು ಚಪ್ಪಲಿ ಬಿಡುತ್ತಿದ್ದರು. ಒಬ್ಬಳಿಗೆ ಟೊಮೆಟೊ ಬೇಕಿತ್ತು. ಇನ್ನೊಬ್ಬಳ ಮಗ ತಾನು ಏನಾಗಬೇಕೆಂದು ಇನ್ನೂ ನಿರ್ಧರಿಸಿರಲಿಲ್ಲ.