ವಿರೂಪಾಕ್ಷಪ್ಪನವರು ತಂದ ಕೆಂಡ

ಇವತ್ತು ಬೆಳಗಿನಿಂದ ಮಾಡಿದ ಕೆಲಸಗಳು: ಜೋಳ ಹಸನು ಮಾಡಿದ್ದು, ಒಲೆ ಸಾರಿಸಿದ್ದು, ಯಜಮಾನರ ಕೊಡೆಗೆ ತೇಪೆ ಹಾಕಿದ್ದು, ಒಂದು ಕಾಗದಕ್ಕೆ ಸಹಿ ಹಾಕದೆ ಇದ್ದದ್ದು. ದಣಿವಾದದ್ದು ಕೊನೆಯದರಿಂದಲೇ.

ಹುಬ್ಬಳ್ಳಿಯ ನಮ್ಮ ಓಣಿಗೆ ಮುನಸಿಪಾಲಿಟಿಯ ಚುನಾವಣೆ ಬಂದಿದೆ. ಕಾಗದ ತಂದವರು ಓಣಿಯ ಹಿರಿಯರು, ಹತ್ತಿಯ ದಲಾಲರಾದ ವಿರೂಪಾಕ್ಷಪ್ಪನವರು. ಪರವೂರಿನವರಿಗೆ ಮನೆ ಬಾಡಿಗೆ ಕೊಡುವುದಿಲ್ಲ, ಇದ್ದವರನ್ನು ಅಮಾವಾಸ್ಯೆಯೊಳಗೆ ಬಿಡಿಸುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಮನೆ ಅಪ್ಪನಿಂದ ನನ್ನ ಹೆಸರಿಗೆ ಬಂದದ್ದು, ಸಹಿಯೂ ನನ್ನದೇ ಬೇಕು. ನಮ್ಮ ಹಿತ್ತಲಿನ ಬಾಡಿಗೆಯ ಖೋಲಿಯಲ್ಲಿರುವ ನರಸಮ್ಮ ತೆಲುಗು ಸೀಮೆಯವಳು, ರೈಲ್ವೆ ಕಾರಖಾನೆಯ ಫಿಟ್ಟರನ ಹೆಂಡತಿ. ಈಗ ಏಳು ತಿಂಗಳ ಬಸುರಿ. ನಾನು ಸಹಿ ಹಾಕಿದರೆ ಅವಳ ಬಾಣಂತನ ಯಾವ ಧರ್ಮಶಾಲೆಯಲ್ಲೋ.

ಎಂಟು ವರ್ಷದ ಹಿಂದೆ ಅವಳನ್ನು ನಮ್ಮ ಬಾಗಿಲಿಗೆ ಕರೆತಂದವರೂ ಇದೇ ವಿರೂಪಾಕ್ಷಪ್ಪನವರು. ಬಂದವರಿಂದಲೇ ಊರು ಬೆಳೆಯುತ್ತದೆ ಎಂದು ಆಗ ಅವರ ಪಕ್ಷ ಸಾರುತ್ತಿತ್ತು. ಬೇಡವೇ ಬೇಡ ಎನ್ನುತ್ತಿದ್ದದ್ದು ಎದುರು ಪಕ್ಷ. ಈಗ ಎದುರು ಪಕ್ಷದವರು ಕಾರಖಾನೆಯವರಿಗೆ ಅಣ್ಣತಮ್ಮಂದಿರೆಂದು ಹಾರ ಹಾಕುತ್ತಿದ್ದಾರೆ. ನಡುವೆ ಆದದ್ದು ಇಷ್ಟೇ: ಕಾರಖಾನೆಯವರ ಹೆಸರು ಮತದಾರರ ಯಾದಿಗೆ ಸೇರಿತು, ಮತ್ತು ಹೋದ ಸಲ ಅವರ ಮತಗಳು ವಿರೂಪಾಕ್ಷಪ್ಪನವರು ನೆಚ್ಚಿಕೊಂಡಿದ್ದ ಪೆಟ್ಟಿಗೆಗೆ ಬೀಳಲಿಲ್ಲ.

ಪಕ್ಷಗಳನ್ನು ನೋಡಿ ನಗುವ ಯೋಗ್ಯತೆ ನನಗಾದರೂ ಎಲ್ಲಿದೆ? ನಮ್ಮಪ್ಪ ಮುಗದ ಎಂಬ ಹಳ್ಳಿಯಿಂದ ಚಕ್ಕಡಿಯಲ್ಲಿ ಈ ಊರಿಗೆ ಬಂದದ್ದನ್ನು ಮರೆತು, ನರಸಮ್ಮ ಬಂದ ದಿನ ಇವರ ಮಾತೇ ತಿಳಿಯುವುದಿಲ್ಲವೆಂದು ಮುಖ ತಿರುಗಿಸಿದವಳು ನಾನೇ. ಹೊಸಬರ ಮೊದಲ ಒಲೆ ನೆರೆಮನೆಯ ಕೆಂಡದಿಂದ ಹೊತ್ತಬೇಕೆಂಬುದು ನಮ್ಮ ಓಣಿಯ ಪದ್ಧತಿ. ಹಿರಿಯರ ಮಾತಿಗೆ ಖೋಲಿ ಕೊಟ್ಟೆ, ಕೆಂಡ ಕೊಡಲಿಲ್ಲ. ವಿರೂಪಾಕ್ಷಪ್ಪನವರೇ ತಮ್ಮ ಮನೆಯಿಂದ ಹೆಂಚಿನ ಚೂರಿನಲ್ಲಿ ಕೆಂಡ ತಂದು, ಧೋತರಕ್ಕೆ ತೂತು ಮಾಡಿಕೊಂಡು, ಆ ಒಲೆ ಹೊತ್ತಿಸಿದ್ದರು. ಮುಂದೆ ನನ್ನ ಮನಸ್ಸು ತಿರುಗಿದ್ದು ಯಾವ ಭಾಷಣದಿಂದಲೂ ಅಲ್ಲ, ನರಸಮ್ಮನ ಪುಂಡಿಪಲ್ಯೆಯ ಹುಳಿ-ಖಾರದ ಚಟ್ನಿಯಿಂದ. ಅದಕ್ಕೂ ಒಂದು ವರ್ಷ ಹಿಡಿಯಿತು. ನಮ್ಮದೆಂದು ಎದೆ ತಟ್ಟಿಕೊಳ್ಳುವ ಮೆಣಸಿನಕಾಯಿ ಕೂಡ ಎಂದೋ ಹಡಗು ಹತ್ತಿ ಬಂದದ್ದಂತೆ. ಯಜಮಾನರು ಓದಿ ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು.

“ಅಂಬಕ್ಕಾ, ಲಗೂ ಸಹಿ ಮಾಡ್ರಿ. ಇನ್ನೂ ಹತ್ತು ಮನಿ ತಿರಗೋದೈತಿ,” ಎಂದರು ವಿರೂಪಾಕ್ಷಪ್ಪನವರು.

“ಮಾಡತೇನ್ರಿ ಕಾಕಾ. ಆದ್ರ ನರಸಮ್ಮನ ಒಲ್ಯಾಗ ಇರೋದು ನಿಮ್ಮ ಮನಿ ಕೆಂಡ. ಮೊದಲ ನೀವಽ ಹೋಗಿ ನೀರು ಹಾಕಿ ಆರಿಸಿ ಬರ್ರಿ.”

“ನಿಮ್ಮಂಥಾ ನಾಲಿಗಿ ನಮ್ಮ ಪಕ್ಷದಾಗ ಇರಬೇಕಾಗಿತ್ತು ನೋಡ್ರಿ!” ಎಂದವರೇ, ತಂಬಿಗೆ ತುಂಬ ನೀರು ತೆಗೆದುಕೊಂಡು ಹಿತ್ತಲಿಗೆ ನಡೆದೇಬಿಟ್ಟರು.

ಹಟದ ಮನುಷ್ಯ, ಸುರಿದೇಬಿಟ್ಟರೆ? ಹಿತ್ತಲಿನಿಂದ ನರಸಮ್ಮನ ದನಿ ಕೇಳಿತು: “ಬರ್ರಿ ಕಾಕಾ, ಕೂಡ್ರಿ. ರೊಟ್ಟಿ ಬಿಸಿ ಅದಾವ.” ನಾನು ತೇಪೆ ಹಾಕಿದ ಕೊಡೆಯನ್ನೇ ಮತ್ತೆ ಮತ್ತೆ ಬಿಚ್ಚಿ ಮಡಚುತ್ತ ಕಾದೆ.

ಅವರು ತಿರುಗಿ ಬಂದಾಗ ತಂಬಿಗೆ ಖಾಲಿಯಾಗಿತ್ತು, ಕಣ್ಣುಗಳು ಕೆಂಪಾಗಿದ್ದವು.

“ಒಲಿ ಆರಿತೇನ್ರಿ?” ಎಂದೆ.

“ಎಲ್ಲೀ ಒಲಿ! ಆ ಹುಡುಗಿ ಚಟ್ನಿ ಖಾರಕ್ಕ ಈ ನೀರು ಕುಡೀಲಿಕ್ಕಽ ಸಾಲಲಿಲ್ಲ. ಇನ್ನೊಂದು ತಂಬಗಿ ಕೊಡ್ರಿ.”

ನಮ್ಮ ಊಟವೂ ಅದೇ: ಜೋಳದ ರೊಟ್ಟಿ, ಪುಂಡಿಪಲ್ಯೆಯ ಚಟ್ನಿ, ಮೇಲೆ ಮೊಸರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ವಿರೂಪಾಕ್ಷಪ್ಪನವರು. ನಮ್ಮ ಕಟ್ಟೆಯ ಮೇಲೆ, ನಡು ಮಧ್ಯಾಹ್ನ, ಮುಖಕ್ಕೆ ಬಿಸಿಲು ಬೀಳದ ಹಾಗೆ ಆ ಕಾಗದವನ್ನೇ ಮುಚ್ಚಿಕೊಂಡು.