ಮುನಿಶಾಮಣ್ಣನಿಗೆ ಕಿವಿ ಕೇಳುತ್ತಿತ್ತು

ಮುನಿಶಾಮಣ್ಣನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅವನು ಕಿವುಡ ಎಂದು ಹೇಳಿದವನು ನಾನು. ತುಂಬಿದ ಛತ್ರದಲ್ಲಿ, ಹೆಣ್ಣಿನ ಅಪ್ಪನ ಎದುರಿಗೆ, ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು— ಬಾಯಿ ತಪ್ಪಿದ್ದರೆ ಆ ಕ್ಷಣವೇ ತಿದ್ದಿಕೊಳ್ಳಬಹುದಿತ್ತು. ತಿದ್ದಿಕೊಳ್ಳಲಿಲ್ಲ. ಅವನು ಬದುಕಿರುವವರೆಗೂ ತಿದ್ದಿಕೊಳ್ಳಲಿಲ್ಲ.

ನಾನು ದಿಬ್ಬೂರಹಳ್ಳಿಯ ಜಮೀನುದಾರರ ಮನೆಯವನು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ, ಊರಿನಲ್ಲಿ ಒಂದು ಹೆಸರು— ಎಲ್ಲ ಇತ್ತು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಸ್ಯಾಕ್ಸೋಫೋನಿನ ಹುಚ್ಚು ಹಿಡಿಯಿತು. ಯಾವುದೋ ಮದುವೆಯಲ್ಲಿ ನಾದಸ್ವರದ ಬದಲು ಅದನ್ನು ಊದಿದ್ದು ಕೇಳಿ ಊಟ ಬಿಟ್ಟು ನಿಂತಿದ್ದೆ. ಬಿ.ಕಾಂ. ಮುಗಿಸಿದ ಮಗ ಚಿಕ್ಕಬಳ್ಳಾಪುರದ ಬ್ಯಾಂಡ್‌ಸೆಟ್ಟಿನವರ ಹತ್ತಿರ ಪಾಠಕ್ಕೆ ಹೋಗುತ್ತಾನೆಂದು ತಿಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: “ವಾಲಗದೋರ ಪಕ್ಕ ಕೂತ್ಕೊಂಡು ಊದೋಕೇನೋ ನಿನ್ನ ಓದ್ಸಿದ್ದು?” ಆಮೇಲೆ ಅವರು ನನ್ನ ಜೊತೆ ಮಾತು ಬಿಟ್ಟರು. ನಾನೂ ಹಟಮಾರಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ರೀಲಿಂಗ್ ಘಟಕದಲ್ಲಿ ಮೇಲ್ವಿಚಾರಣೆಯ ಕೆಲಸ ಹಿಡಿದು, ಅದರ ಹಿಂದಿನ ಕೋಣೆಯಲ್ಲೇ ಇರತೊಡಗಿದೆ. ಬೆಂದ ಗೂಡಿನ ವಾಸನೆ, ದಿನವಿಡೀ ರಾಟೆಗಳ ಸದ್ದು. ಒಳ್ಳೆಯದೇ ಆಯಿತು ಎಂದುಕೊಂಡೆ— ಆ ಗಲಾಟೆಯಲ್ಲಿ ನನ್ನ ಅಪಸ್ವರ ಯಾರಿಗೂ ಕೇಳಿಸುತ್ತಿರಲಿಲ್ಲ.

ಮುನಿಶಾಮಣ್ಣನಿಗೆ ಮಾತ್ರ ಕೇಳಿಸಿತು. ಹೌದು, ರಾಟೆಗಳ ಸದ್ದನ್ನು ದಾಟಿ, ಬೀದಿಯಲ್ಲಿ ಹೋಗುತ್ತಿದ್ದವನಿಗೆ. ಅಂಥ ಕಿವಿ ಅದು.

ಅವನು ಡೋಲು ಬಾರಿಸುವವನು. ಶಿಡ್ಲಘಟ್ಟದಿಂದ ಚಿಂತಾಮಣಿವರೆಗೆ ನಡೆದ ಮದುವೆಗಳಲ್ಲಿ ಅವರ ಮನೆತನದ ಡೋಲು ಕೇಳದ ಮದುವೆ ಕಡಿಮೆ. ನನ್ನ ಅಪ್ಪನ ವಯಸ್ಸು. ಕರೆಯದೆಯೇ ಒಳಗೆ ಬಂದ, ಚಾಪೆಯ ಮೇಲೆ ಕೂತ, ನನ್ನ ಮಂಡಿಯ ಮೇಲೆ ಕೈ ಇಟ್ಟು ತಾಳ ತಟ್ಟಲು ಶುರು ಮಾಡಿದ. ನನ್ನ ರೋಗವೇ ಅದು— ಓಟ. ಎರಡು ಸಾಲು ಊದುವಷ್ಟರಲ್ಲಿ ತಾಳವನ್ನು ಹಿಂದೆ ಬಿಟ್ಟು ಓಡುತ್ತಿದ್ದೆ. “ಓಡಬ್ಯಾಡಪ್ಪಾ,” ಎನ್ನುತ್ತಿದ್ದ, “ಮದ್ವೆ ಗಂಡು ಇನ್ನೂ ಸ್ನಾನಕ್ಕೇ ಹೋಗಿಲ್ಲ.” ನಗು ಬರುತ್ತಿತ್ತು, ಉಸಿರು ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ. ಅಪ್ಪ ಮಾತು ಬಿಟ್ಟ ಮೇಲೆ ನನ್ನನ್ನು ಮುಟ್ಟಿ ಮಾತಾಡಿಸಿದವನು ಅವನೊಬ್ಬನೇ. ಇದನ್ನು ಆಗಲೇ ತಿಳಿದುಕೊಂಡಿದ್ದರೆ—

ಆದರೆ ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಂದರೂ ಬೀಡಿ, ಕೆಮ್ಮು, ಯಾವುದೋ ಬೀಗರ ಜಗಳದ ಕಥೆ. ನನಗೆ ಅವಸರ. ಬೆಂಗಳೂರಿಗೆ ಹೋಗಿ ತಾಳದ ಮಷಿನ್ ಒಂದನ್ನು ತಂದೆ. ಅಂಗೈಯಗಲದ ಡಬ್ಬಿ, ಕೆಂಪು ಅಂಕಿಗಳಲ್ಲಿ ವೇಗ ತೋರಿಸುತ್ತದೆ, ಹೇಳಿದಷ್ಟು ವೇಗದಲ್ಲಿ ಟಿಕ್ ಟಿಕ್ ಎನ್ನುತ್ತದೆ. ರಾಟೆಗಳ ಸದ್ದಿನಲ್ಲಿ ಅದರ ದನಿ ಕೇಳದು. ಹಾಗಾಗಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅಭ್ಯಾಸ ಮಾಡತೊಡಗಿದೆ.

ಮುನಿಶಾಮಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದಕ್ಕೆ ಬೀಡಿ ಬ್ಯಾಡ, ಕಾಫಿ ಬ್ಯಾಡ. ಒಳ್ಳೇ ಗುರುನೇ ಹಿಡ್ದಿದ್ದೀಯ ಬಿಡು,” ಎಂದು ನಕ್ಕ. ಆಮೇಲೆ ಅದನ್ನು ನನ್ನ ಕೈಗೆ ವಾಪಸು ಕೊಡುತ್ತ ಹೇಳಿದ: “ಆದ್ರೆ ನೀನು ಉಸಿರು ಎಳ್ಕೊಳೋಗಂಟ ಇದು ನಿಲ್ಲಲ್ಲ ಕಣಪ್ಪಾ.”

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿವಿಯಲ್ಲಿ ಜಾಗವೂ ಇರಲಿಲ್ಲ. ಅವನು ಬರುವುದು ಕಡಿಮೆಯಾಯಿತು. ನಾನು ಕರೆಯಲೂ ಇಲ್ಲ. ಮಷಿನ್ ಜೊತೆ ನನ್ನ ತಾಳ ಗಟ್ಟಿಯಾಯಿತು, ಓಟ ನಿಂತಿತು, ನುಡಿಸಾಣಿಕೆಗೆ ಹೊಳಪು ಬಂತು. ಜೊತೆಗೆ ಇನ್ನೊಂದೂ ಆಯಿತು. ಮಷಿನ್ ಇಲ್ಲದೆ ಒಂದು ಸಾಲೂ ಊದಲು ಬಾರದವನಾದೆ. ಎದುರಿಗೆ ಮನುಷ್ಯ ಕೂತು ತಾಳ ಹಾಕಿದರೆ ಬೆವರುತ್ತಿದ್ದೆ. ಇದನ್ನು ಯಾರಿಗೆ ಹೇಳುವುದು? ಹೇಳುವಷ್ಟು ಹತ್ತಿರದವರನ್ನು ಯಾರನ್ನೂ ಉಳಿಸಿಕೊಂಡಿರಲಿಲ್ಲ.

ಅಷ್ಟರಲ್ಲಿ ಸ್ಯಾಕ್ಸೋಫೋನ್ ಮೇಳಕ್ಕೆ ಬೇಡಿಕೆ ಬಂದಿತ್ತು. ನನ್ನ ಹೆಸರಿನಲ್ಲೇ ಒಂದು ಸೆಟ್ಟು ಕಟ್ಟಿದೆ. ಡೋಲಿಗೆ ಮುನಿಶಾಮಣ್ಣ— ಅವನಿಗಿಂತ ಒಳ್ಳೆಯವರು ಇರಲಿಲ್ಲ. ಮದುವೆಗಳಲ್ಲಿ ನಾನು ಜರಿಪೇಟವನ್ನು ಬಲಗಿವಿ ಮುಚ್ಚುವಂತೆ ಸುತ್ತಿಕೊಳ್ಳುತ್ತಿದ್ದೆ. ಅದರೊಳಗೆ ಇಯರ್‌ಫೋನ್, ಜುಬ್ಬದೊಳಗೆ ತಂತಿ, ಸೊಂಟದಲ್ಲಿ ಮಷಿನ್. ಯಾರಿಗೂ ಗೊತ್ತಾಗಲಿಲ್ಲ. ಕೊರಳ ಪಟ್ಟಿಯ ಹತ್ತಿರ ತಂತಿಯ ಒಂದು ತುಣುಕು ಕಾಣುತ್ತಿತ್ತೇನೋ— ಪಕ್ಕದಲ್ಲಿ ಕೂತವನಿಗೆ ಮಾತ್ರ.

ನಮ್ಮ ಕಡೆ ಮದುವೆ ನೋಡಿದವರಿಗೆ ಗಟ್ಟಿಮೇಳ ಏನೆಂದು ಹೇಳಬೇಕಿಲ್ಲ. ತಾಳಿ ಕಟ್ಟುವ ಗಳಿಗೆಯಲ್ಲಿ ಅಪಶಕುನದ ಸದ್ದು, ಸೀನು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದೆಂದು ವಾದ್ಯಗಳನ್ನು ಒಟ್ಟಿಗೇ ಅಬ್ಬರಿಸುವುದು. ಪುರೋಹಿತರು ಕೂಗಿದ ತಕ್ಷಣ ಡೋಲು ಬೀಳಬೇಕು. ಆದರೆ ಡೋಲು ಹಾಗೆ ಏಕಾಏಕಿ ಬಿದ್ದರೆ ನನ್ನ ಕಿವಿಯೊಳಗಿನ ಲೆಕ್ಕ ಚೆದುರುತ್ತಿತ್ತು. ಅದಕ್ಕೇ ಮುನಿಶಾಮಣ್ಣನಿಗೆ ಕಟ್ಟಪ್ಪಣೆ ಮಾಡಿದ್ದೆ: “ಯಾರೇ ಕೂಗಲಿ, ನಾನು ತಲೆ ಆಡಿಸಿದ ಮೇಲೆ ನೀನು ಶುರು ಮಾಡಬೇಕು.” ಅವನು ನನ್ನ ಮುಖ ನೋಡಿದ. “ಆಗ್ಲಪ್ಪಾ. ಸೆಟ್ಟು ನಿಂದು,” ಎಂದ.

ಚಿಂತಾಮಣಿಯ ಆ ಛತ್ರದಲ್ಲಿ ಅಂದು ನಾನು ನಿಧಾನದ ಕೀರ್ತನೆಯೊಂದರಲ್ಲಿ ಮುಳುಗಿದ್ದೆ. ಕಣ್ಣು ಮುಚ್ಚಿತ್ತು, ಕಿವಿಯಲ್ಲಿ ಟಿಕ್ ಟಿಕ್. ಪುರೋಹಿತರು “ಗಟ್ಟಿಮೇಳ” ಎಂದು ಕೂಗಿದ್ದು ನನಗೆ ಕೇಳಿಸಲಿಲ್ಲ. ಮತ್ತೆ ಕೂಗಿದರಂತೆ. ಮುನಿಶಾಮಣ್ಣ ಡೋಲಿನ ಮೇಲೆ ಕೈ ಎತ್ತಿ ಹಿಡಿದು, ನನ್ನ ತಲೆ ಆಡುವುದನ್ನೇ ಕಾಯುತ್ತಿದ್ದ. ಸಾಲು ಮುಗಿದು ನಾನು ಉಸಿರೆಳೆದುಕೊಳ್ಳಲು ನಿಲ್ಲಿಸಿದೆ. ಸರಿಯಾಗಿ ಆಗಲೇ ತಾಳಿಯ ಗಂಟು ಬಿತ್ತು. ಆ ನಿಶ್ಶಬ್ದದಲ್ಲಿ ಅಕ್ಷತೆ ಹಿಡಿದು ನಿಂತಿದ್ದವರೊಬ್ಬರು ಸೀನಿದರು. ಒಂಟಿ ಸೀನು. ಇಡೀ ಛತ್ರಕ್ಕೆ ಕೇಳಿಸಿತು. ಇನ್ನು ತಡೆಯಲಾರದೆ ಮುನಿಶಾಮಣ್ಣ ಡೋಲು ಬಡಿದ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಣ್ಣಿನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಹೆಣ್ಣಿನ ಅಪ್ಪ ಮಂಟಪದಿಂದಲೇ ಇಳಿದು ಬಂದರು. “ಏನ್ರಯ್ಯಾ, ಸತ್ತೋಗಿದ್ರಾ ಎಲ್ರೂ? ಯಾರದ್ದಯ್ಯಾ ತಪ್ಪು?” ನಮ್ಮ ಸುತ್ತ ಜನ ಕೂಡಿತು. ನನ್ನ ಕೈ ತಾನಾಗಿ ಪೇಟದ ಮೇಲೆ ಹೋಗಿ ಬಲಗಿವಿಯನ್ನು ಒತ್ತಿ ಹಿಡಿಯಿತು. ಒಳಗೆ ಟಿಕ್ ಟಿಕ್ ಇನ್ನೂ ನಡೆಯುತ್ತಲೇ ಇತ್ತು. ಪೇಟ ಬಿಚ್ಚಿದ್ದರೆ ಸಾಕಿತ್ತು. ದಿಬ್ಬೂರಹಳ್ಳಿಯವರ ಮಗ ಡಬ್ಬಿ ಕಟ್ಟಿಕೊಂಡು ಊದುತ್ತಾನೆ ಎಂದು ನಕ್ಕುಬಿಡುತ್ತಿದ್ದರು, ಅಪ್ಪನವರೆಗೂ ಸುದ್ದಿ ಹೋಗುತ್ತಿತ್ತು. ಅಷ್ಟೇ. ಅಷ್ಟಕ್ಕೇ ನಾನು ಹೇಳಿದೆ:

“ಈ ಅಣ್ಣನಿಗೆ ಈಚೀಚೆಗೆ ಕಿವಿ ಕೇಳ್ಸಲ್ಲ ಸಾರ್.”

ಮುನಿಶಾಮಣ್ಣ ನನ್ನ ಕೈ ನೋಡಿದ. ಪೇಟದ ಮೇಲಿದ್ದ ಕೈ. ಆಮೇಲೆ ಕೊರಳ ಪಟ್ಟಿ ನೋಡಿದ. ಅವನೊಂದು ಮಾತು ಆಡಿದ್ದರೆ— ಆದರೆ ಅವನು ಎದ್ದು ನಿಂತು, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇರುಕಿಕೊಂಡು ಕೈಮುಗಿದ. “ಹೌದು ಸ್ವಾಮಿ. ನಂಗೆ ಕೇಳ್ಸಲಿಲ್ಲ. ತಪ್ಪಾಯ್ತು.”

ಯಾಕೆ ಹಾಗೆಂದ? ಜಮೀನುದಾರರ ಮಗನ ಮಾತಿಗೆ ಎದುರಾಡಿ ಪ್ರಯೋಜನವಿಲ್ಲ ಎಂದೋ, ನನ್ನ ಮೇಲಿನ ಪ್ರೀತಿಯಿಂದಲೋ. ಹೆದರಿಕೆ ಎಂದುಕೊಂಡರೆ ನನಗೆ ನಾಚಿಕೆಯಾಗುತ್ತದೆ. ಪ್ರೀತಿ ಎಂದುಕೊಂಡರೆ ಇನ್ನೂ ಹೆಚ್ಚು.

ಗಟ್ಟಿಮೇಳ ತಪ್ಪಿಸಿದವನನ್ನು ಯಾವ ಮದುವೆ ಮನೆಯವರು ತಾನೇ ಕರೆಯುತ್ತಾರೆ? ಸುದ್ದಿ ಬಸ್ಸಿಗಿಂತ ಬೇಗ ಊರೂರು ತಲುಪಿತು. ನಾನೂ ಬೇರೆ ಡೋಲಿನವನನ್ನು ಗೊತ್ತು ಮಾಡಿಕೊಂಡೆ— ಹೌದು, ಅದನ್ನೂ ಮಾಡಿದೆ. ಮುನಿಶಾಮಣ್ಣ ಡೋಲನ್ನು ಅಟ್ಟಕ್ಕೆ ಹಾಕಿ ತೊಂಡೇಬಾವಿಯಲ್ಲಿದ್ದ ಮಗನ ಮನೆಗೆ ಹೋದನೆಂದು ಯಾರೋ ಹೇಳಿದರು. ನನ್ನ ಸೆಟ್ಟು ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಡೋಲಿನವರು ಬರುತ್ತಿದ್ದರು, ಹೋಗುತ್ತಿದ್ದರು, ಯಾರೂ ನಿಲ್ಲುತ್ತಿರಲಿಲ್ಲ. ಛತ್ರದಿಂದ ಬಂದು ಕೋಣೆಯ ಬಾಗಿಲು ತೆರೆದರೆ ಚಾಪೆ ಹಾಸಿದಂತೆಯೇ ಇರುತ್ತಿತ್ತು. “ಹೇಗೆ ಊದಿದೆ ಇವತ್ತು?” ಎಂದು ಕೇಳಲು ಒಬ್ಬರೂ ಇರಲಿಲ್ಲ. ನನಗೆ ಅವನು ಬೇಕಾಗಿದ್ದ. ತುಂಬ ಬೇಕಾಗಿದ್ದ.

ತಡೆಯಲಾರದೆ ಒಂದು ದಿನ ತೊಂಡೇಬಾವಿಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ, ಅವನ ಮನೆಯವರ ಎದುರಿಗೇ. ಸ್ಟೇಷನ್ನಿನ ಹತ್ತಿರದ ಮನೆ. ಜಗಲಿಯ ಮೇಲೆ ಕೂತಿದ್ದ. ದೂರದಲ್ಲಿ ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು. ಅದರ ಗಾಲಿಗಳ ಸದ್ದಿಗೆ ಸರಿಯಾಗಿ ಅವನ ಬೆರಳು ಮಂಡಿಯ ಮೇಲೆ ಆಡುತ್ತಿತ್ತು. ಸೊಸೆ ಹೊರಗೆ ಬಂದದ್ದೇ ಬೆರಳು ನಿಂತಿತು.

ಆಕೆ ಅವನ ಕಿವಿಯ ಹತ್ತಿರ ಬಾಯಿಟ್ಟು “ಮಾವಾ! ಯಾರೋ ಬಂದವ್ರೆ!” ಎಂದು ಕೂಗಿದಳು. ನಾನು ಯಾರೆಂದು ಆಕೆಗೆ ಗೊತ್ತಿರಲಿಲ್ಲ. “ಗಟ್ಟಿಯಾಗಿ ಮಾತಾಡಿ ಅಣ್ಣ. ಆ ಚಿಂತಾಮಣಿ ಛತ್ರದಾಗೆ ಮರ್ಯಾದೆ ಹೋಯ್ತಲ್ಲ, ಅದಕ್ಕೂ ಮುಂಚಿಂದ್ಲೇ ಕಿವಿ ಹೋಗಿತ್ತಂತೆ. ಯಾರ್ಗೂ ಹೇಳ್ದೆ ಮುಚ್ಚಿಟ್ಕೊಂಡಿದ್ರು,” ಎಂದಳು. ಆಗ ಅರ್ಥವಾಯಿತು. ನಾನು ಒಂದು ಬಾರಿ ಆಡಿದ ಸುಳ್ಳನ್ನು ಅವನು ದಿನವೂ ಆಡುತ್ತಿದ್ದ, ಸ್ವಂತ ಮನೆಯೊಳಗೆ. ನಿಜ ಹೇಳಿದ್ದರೆ ಮಗ ದಿಬ್ಬೂರಹಳ್ಳಿಗೆ ಜಗಳಕ್ಕೆ ಬರುತ್ತಿದ್ದ ಎಂದೋ ಏನೋ.

ಅವನ ಪಕ್ಕ ಕೂತೆ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾಯಿ ತೆರೆದೆ— “ಚೆನ್ನಾಗಿದ್ದೀಯಾ ಅಣ್ಣಾ?” ಎಂದು ಅರಚಿದೆ.

ಅವನು ನನ್ನ ಕಡೆ ಬಾಗಿದ. ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಕೇಳಿದ:

“ನೀನೂ ಯಾಕಪ್ಪಾ ಕೂಗ್ತೀಯ?”

ಸೊಸೆ ಇನ್ನೂ ಅಲ್ಲೇ ನಿಂತಿದ್ದಳು. ನಾನು ಎದ್ದು, ಅವನ ಕಿವಿಯ ಹತ್ತಿರ ಬಗ್ಗಿ, ಮೊದಲಿಗಿಂತ ಜೋರಾಗಿ “ಬರ್ತೀನಣ್ಣಾ” ಎಂದು ಕೂಗಿ ಹೊರಟು ಬಂದೆ.